ಗಿರಣಿಯಲ್ಲಿ ಹುಟ್ಟಿದ ಅಜ್ಜಿಯರು

“ನಿಮ್ಮಜ್ಜಿ ಹುಟ್ಟಿದ ಊರು ಯಾವುದು?” ಈ ದಿನಗಳಲ್ಲಿ ಹೈದರಾಬಾದಿನಲ್ಲಿ ಯಾರನ್ನಾದರೂ ಹೀಗೆ ಕೇಳಿ ನೋಡಿ!

ನಾನು ಫಾರ್ಮ್ ಹಿಡಿದು ಕೇಳಿದೆ. ಮಲ್ಕಾಜ್‌ಗಿರಿಯ ನನ್ನ ಹಿಟ್ಟಿನ ಗಿರಣಿಗೆ ಜೋಳ ತಂದಿದ್ದ ಶಾಂತಕ್ಕನನ್ನು. ಅವರು ಡಬ್ಬಿಯನ್ನು ಹಿಂದಕ್ಕೆ ಎಳೆದುಕೊಂಡರು.

“ಯಾಕ್ರಿ? ಲೋಕಲ್ಲೋ ನಾನ್‌-ಲೋಕಲ್ಲೋ ಅಂತ ಬರಕೊಳ್ಳಾಕತ್ತೀರೇನು? ಯಾವ ಆಫೀಸಿಗೆ ಹೋಗ್ತೈತ್ರಿ ಈ ಕಾಗದ?”

“ಆಫೀಸಿಗಲ್ರಿ, ನನ್ನ ತಂಗಿ ಕಂಪ್ಯೂಟರಿಗೆ.”

“ಅಂದ್ರ ಎಲ್ಲಾರ ಕೈಗೂ ಹೋಗ್ತೈತಿ ಅನ್ರಿ!”

ತಂಗಿ ಸುಮಾ ಗಣಿತದಲ್ಲಿ ಪಿಎಚ್‌ಡಿ ಮಾಡುತ್ತಿದ್ದಾಳೆ. (ನಾನು ಏಳನೆಯ ಕ್ಲಾಸಿಗೇ ಶಾಲೆ ಬಿಟ್ಟವನು.) ಸಾವಿರಾರು ವರ್ಷಗಳ ಹಿಂದೆ ಬೇಸಾಯ ಎಷ್ಟು ವೇಗವಾಗಿ ಹರಡಿತು ಎಂಬುದು ಅವಳ ವಿಷಯ. ಮಕ್ಕಳು ತಾಯಿ ಹುಟ್ಟಿದ ಊರಿನಿಂದ ಎಷ್ಟು ದೂರ ಹೋಗಿ ನೆಲೆಸುತ್ತಾರೆ, ಜನ ಎಷ್ಟು ಬೇಗ ಹೆಚ್ಚುತ್ತಾರೆ, ಇವೆರಡು ಗೊತ್ತಾದರೆ ಸೂತ್ರ ಉಳಿದದ್ದನ್ನು ಹೇಳುತ್ತದಂತೆ. ಆ ಕಾಲದ ರೈತರು ಈಗ ಸಿಗುವುದಿಲ್ಲ. ಹಾಗಾಗಿ ಹೊಲದಲ್ಲಿ ದುಡಿದ ನಮ್ಮ ಅಜ್ಜಿಯರಿಂದ ಅಂದಾಜು. ಗಿರಣಿಗೆ ಎಲ್ಲ ಭಾಷೆಯವರೂ ಬರುತ್ತಾರಲ್ಲ, ಫಾರ್ಮ್ ತುಂಬಿಸುವ ಕೆಲಸ ನನ್ನದು.

ಇದು ಬರೀ ಲೆಕ್ಕಕ್ಕೆ ಎಂದು ನಾನು ನಂಬಲಿಲ್ಲ. ಪ್ರತ್ಯೇಕ ರಾಜ್ಯ ಬೇಕು, ಹೊರಗಿನವರು ಹೋಗಬೇಕು ಎಂದು ಊರ ತುಂಬ ಬಂದ್, ಮೆರವಣಿಗೆ. ಈ ಕಾಗದಗಳು ನಾಳೆ ಯಾರ ಕೈ ಸೇರುತ್ತವೋ! ತಂಗಿಗೇ ಗೊತ್ತಿಲ್ಲದೆ ಯಾರೋ ಅವಳಿಂದ ಪಟ್ಟಿ ಮಾಡಿಸುತ್ತಿದ್ದರೆ? ಗಿರಾಕಿಗಳೂ ಒಬ್ಬೊಬ್ಬರೇ ಪಕ್ಕದ ಬೀದಿಯ ಗಿರಣಿಗೆ ಹೊರಟರು.

ಫಾರ್ಮಿನಲ್ಲಿ ಹೆಸರು ಬರೆಯಬೇಕಾಗಿರಲಿಲ್ಲ. ಸರಿ, ಯಾರೂ ಹೊರಗಿನವರೆನಿಸದಂತೆ ಎಲ್ಲವನ್ನೂ ನಾನೇ ತುಂಬಿದೆ. ಅಜ್ಜಿ ಹುಟ್ಟಿದ್ದು? ಮಲ್ಕಾಜ್‌ಗಿರಿ. ಅವ್ವ? ಮಲ್ಕಾಜ್‌ಗಿರಿ. (ಅನುಮಾನ ಬರಬಾರದೆಂದು ನಡುನಡುವೆ ಒಂದೆರಡು ಹತ್ತಿರದ ಬೇಗಂಪೇಟೆ!)

ಸುಮಾಳ ಕಂಪ್ಯೂಟರಿನ ನಕ್ಷೆಯ ಮೇಲೆ ಬೇಸಾಯದ ಹಸಿರು ಬಣ್ಣ ಹರಡಬೇಕಿತ್ತು. ಅದು ಮೂಲೆಯಲ್ಲಿ ಕೂತದ್ದು ಕೂತೇ ಇದೆ. ಯಾರೂ ಊರು ಬಿಡದಿದ್ದರೆ ಬೇಸಾಯ ತಾನೇ ಎದ್ದು ನಡೆಯುತ್ತದೆಯೇ? ಸೋಮವಾರ ಗೈಡ್‌ಗೆ ತೋರಿಸಬೇಕು. ಆಗದಿದ್ದರೆ ಎರಡು ವರ್ಷದ ಕೆಲಸ ಕೈಬಿಟ್ಟು ಬೇರೆ ವಿಷಯ ಹಿಡಿ ಎಂದಿದ್ದಾರೆ. ಸುಮಾ ಸೂತ್ರ ತಿದ್ದುತ್ತಲೇ ಇದ್ದಾಳೆ. ಊಟದ ತಟ್ಟೆಯ ಪಕ್ಕದಲ್ಲೂ ಪೆನ್ಸಿಲ್.

“ಫಾರ್ಮ್‌ನಾಗ ಏನರ ತಪ್ಪಿರಬೇಕು ನೋಡವಾ,” ಎಂದೆ ಮೆಲ್ಲಗೆ.

“ಅವು ನೀ ತಂದಿದ್ದು ಅಣ್ಣಾ. ತಪ್ಪು ನನ್ನ ಲೆಕ್ಕದಾಗ ಐತಿ.”

ಎರಡು ದಿನ ಗಿರಣಿಯಲ್ಲೇ ಕಳೆದೆ. ಇವತ್ತು ಬೆಳಿಗ್ಗೆ ಹೇಳಿಯೇಬಿಟ್ಟೆ. “ಅವೆಲ್ಲಾ ಸುಳ್ಳು ಸುಮಾ. ಅಂಜಿ, ಗಿರಣ್ಯಾಗ ಕುಂತು ನಾನ ಬರದೀನಿ.”

ಅವಳು ನನ್ನನ್ನೇ ನೋಡಿದಳು. ನಕ್ಕಳು.

“ನನ್ನ ಸಮಾಧಾನಕ್ಕ ಇಷ್ಟು ದೊಡ್ಡ ಸುಳ್ಳು ಹೇಳಬ್ಯಾಡ ಅಣ್ಣಾ.” ಮತ್ತೆ ಪೆನ್ಸಿಲ್ ಹಿಡಿದು ಕೂತಳು.

ಅದಕ್ಕೇ ಇದನ್ನು ಇಲ್ಲಿ ಬರೆಯುತ್ತಿದ್ದೇನೆ. ನನ್ನ ಸುಳ್ಳನ್ನು ಒಂದೂ ಪ್ರಶ್ನೆ ಕೇಳದೆ ನಂಬಿದವಳಿಗೆ ನಿಜವನ್ನು ನಂಬಿಸುವುದು ಹೇಗೆ?