ಅಪ್ಪನ ಕಡಗ ಔಷಧಿಯಲ್ಲ

ನಾನು ಚಿಕ್ಕವಳಿದ್ದಾಗ ನಮ್ಮ ಭಾನುವಾರ ಚರ್ಚಿನ ಗಂಟೆಗಿಂತ ಮೊದಲೇ ಅಪ್ಪನ ಸುತ್ತಿಗೆಯಿಂದ ಶುರುವಾಗುತ್ತಿತ್ತು. ಟಿಣ್, ಟಿಣ್, ಟಿಣ್. ನಡುವೆ ಒಂದು 'ಚುಂಯ್!' ಕೆಂಪಗೆ ಕಾದ ತಾಮ್ರದ ತಂತಿಯನ್ನು ಅಪ್ಪ ನೀರಿಗೆ ಅದ್ದಿದ ಸದ್ದು ಅದು. ಹಾಗೆ ಅದ್ದಿದರೆ ತಂತಿ ಮೆತ್ತಗಾಗುತ್ತದೆ, ಮಕ್ಕಳೇ. ಆಗ ಜಡೆಯಂತೆ ಮೂರೆಳೆ ಹೆಣೆದು, ಬಾಗಿಸಿ, ತಟ್ಟಿ, ಹುಣಸೆಹಣ್ಣಿನಿಂದ ತಿಕ್ಕಿದರೆ ಕರ್ರಗಿನ ತಂತಿ ಸಂಜೆಯ ಸೂರ್ಯನ ಬಣ್ಣದ ಕಡಗವಾಗುತ್ತಿತ್ತು. ಮನೆಯೆಲ್ಲ ಇದ್ದಿಲು, ಹುಣಸೆ ವಾಸನೆ.

ನಮ್ಮ ಮನೆ ಗೋವಾದ ವಾಸ್ಕೊದಲ್ಲಿ, ಮಂಗೋರ್ ಹಿಲ್ ಮೇಲಿತ್ತು. ಒಂದೇ ಕೋಣೆ, ಮೇಲೆ ತಗಡು. ಬಿಜಾಪುರದ ಕಡೆಯಿಂದ ಬಂದ ಅಪ್ಪ ಬಂದರಿನಲ್ಲಿ ಮೂಟೆ ಹೊರುತ್ತಿದ್ದ. ಆರು ದಿನ ಬೆನ್ನಿನ ಕೆಲಸ, ಏಳನೇ ದಿನ ಬೆರಳಿನ ಕೆಲಸ. ಕಡಗಗಳನ್ನು ಅಕ್ಕ ಬೊಗ್ಮಾಳೊ ಬೀಚಿನಲ್ಲಿ ಮಾರುತ್ತಿದ್ದಳು. ಮಳೆಗಾಲದಲ್ಲಿ ಅವಳ ಮಣಕಾಲು ಊದಿಕೊಂಡು ಕುಂಟುತ್ತಿದ್ದಳು. ನೋವಿಗೆ ಒಳ್ಳೆಯದೆಂದು ಅಪ್ಪನೇ ಅವಳ ಕೈಗೊಂದು ಕಡಗ ತೊಡಿಸಿದ್ದ. ನಾನು ಕಾನ್ವೆಂಟಿಗೆ ಹೋಗುತ್ತಿದ್ದೆನಲ್ಲ, ಮನೆಯ ಇಂಗ್ಲಿಷ್ ಡಿಪಾರ್ಟ್‌ಮೆಂಟ್ ಪೂರ್ತಿ ನನ್ನದು.

ಒಂದು ಭಾನುವಾರ ಪೇಟೆಯಲ್ಲಿ ಅಂಗಡಿ ಇಟ್ಟಿದ್ದ ಶೇಠಜಿಯೊಬ್ಬರು ಮನೆಗೆ ಬಂದರು.

"ನೀ ಎಷ್ಟ ಮಾಡ್ತಿ, ಅಷ್ಟೂ ನಾ ತಗೋತೀನಿ. ಮೂಟಿ ಹೊರೂದ ಬಿಟ್ಟಬಿಡು," ಅಂದರು.

ಸುತ್ತಿಗೆ ನಿಂತಿತು. ಅಪ್ಪನ ಬೆನ್ನಿನ ನೋವು ನಮಗೆಲ್ಲ ಗೊತ್ತಿತ್ತು. ಶೇಠಜಿಯ ಕಂಡಿಷನ್ ಒಂದೇ. ಪ್ರತಿ ಕಡಗಕ್ಕೂ ಒಂದು ಕಾರ್ಡ್. ಇದನ್ನು ತೊಟ್ಟರೆ ಕೀಲುನೋವು ವಾಸಿ ಎಂದು ಅದರ ಮೇಲೆ ಇಂಗ್ಲಿಷಿನಲ್ಲಿ ಬರೆದಿರಬೇಕು. ಖಾಲಿ ಕಾರ್ಡುಗಳ ಕಟ್ಟನ್ನು ನನ್ನ ಮುಂದಿಟ್ಟರು.

ನಾನು ಬರೆದೆ. ಸುಳ್ಳು ಹೇಳಲಾರೆ, ಬಹಳ ಸಂಭ್ರಮದಿಂದಲೇ ಬರೆದೆ. 'ಕ್ಯೂರ್ಸ್ ಜಾಯಿಂಟ್ ಪೇನ್', ಕರ್ಸಿವ್‌ನಲ್ಲಿ, ಬಾಲ ಸುತ್ತಿಸಿ ಸುತ್ತಿಸಿ.

"ಏನ ಬರದಿ? ಓದು," ಅಂದಳು ಅಕ್ಕ. ಓದಿ, ಅರ್ಥ ಹೇಳಿದೆ. ಅವಳು ಸೀರೆಯನ್ನು ಮಣಕಾಲಿನ ತನಕ ಎತ್ತಿ, ಕಡಗದ ಕೈಯನ್ನು ಅದರ ಪಕ್ಕ ಹಿಡಿದಳು.

"ಇಲ್ನೋಡ್ರಿ ಶೇಠಜಿ. ಮೂರು ವರ್ಷ ಆತು, ಅಪ್ಪನ ಕಡಗ ಕೈಯಾಗಿಂದ ತಗದಿಲ್ಲ. ಮಣಕಾಲ ಕುಂಬಳಕಾಯಿ ಆಗೇತಿ. ನನ್ನೂ ಅಂಗಡ್ಯಾಗ ಕುಂದರಸ್ತೀರೇನ, ಸ್ಯಾಂಪಲ್ ಅಂತ?"

"ಜನಾ ನಂಬತಾರವ್ವಾ. ಅಷ್ಟ ಸಾಕು."

"ನಂಬಿ ದವಾಖಾನಿಗೆ ಹೋಗೂದ ಬಿಟ್ರ?"

ನನಗೂ ಧೈರ್ಯ ಬಂತು. ದೇಹಕ್ಕೆ ತಾಮ್ರ ಬೇಕು, ಆದರೆ ಚೂರೇ ಚೂರು. ಅದು ಎಳ್ಳು, ಗೋಡಂಬಿ, ಕಾಳುಗಳಿಂದ ಸಿಗುತ್ತದೆ ಎಂದು ಸ್ಕೂಲಿನ ಸಿಸ್ಟರ್ ಕಲಿಸಿದ್ದನ್ನು ಒಂದೇ ಉಸಿರಿಗೆ ಒಪ್ಪಿಸಿದೆ.

"ಹಂಗಾದ್ರ ಕಡಗ ಯಾಕ್ರಿ?" ಅಕ್ಕ ನಕ್ಕಳು. "ಎಳ್ಳುಂಡಿ ಮಾರ್ರಿ!"

ಶೇಠಜಿ ಅಪ್ಪನ ಕಡೆ ತಿರುಗಿದರು. ಅಪ್ಪ ಮಾತ್ರ ಅಕ್ಕನ ಮಣಕಾಲನ್ನೇ ನೋಡುತ್ತಿದ್ದ, ಮೊದಲ ಸಲ ನೋಡುವವನ ಹಾಗೆ. ಒಂದು ಕೈ ತಾನಾಗಿಯೇ ಬೆನ್ನಿಗೆ ಹೋಯಿತು. 'ಹೂಂ ಅನ್ನು ಅಪ್ಪಾ' ಎಂದು ನನ್ನ ಅರ್ಧ ಮನಸ್ಸು ಕೂಗುತ್ತಿತ್ತು. ಅಪ್ಪ ನಾನು ಬರೆದ ಕಾರ್ಡನ್ನು ತೆಗೆದು ಕೆಂಡಕ್ಕೆ ಹಾಕಿದ.

"ಕಡಗ ಬೇಕಂದ್ರ ಒಯ್ರಿ. ಔಷಧ ನನ್ನ ಕಡೆ ಇಲ್ರಿ."

ಶೇಠಜಿ ಎದ್ದು ಹೋದರು, ಸಿಟ್ಟಿನಲ್ಲಿ ಕಾರ್ಡಿನ ಕಟ್ಟನ್ನೂ ಮರೆತು. ಸೋಮವಾರ ಅಪ್ಪ ಅಕ್ಕನನ್ನು ದವಾಖಾನೆಯಲ್ಲಿ ತೋರಿಸಿ, ಅಲ್ಲಿಂದ ನೇರ ಮೂಟೆ ಹೊರಲು ಹೋದ. ಉಳಿದ ಕಾರ್ಡುಗಳ ಮೇಲೆ ನಾನು ಬೇರೆಯೇ ಬರೆದೆ: 'ಹ್ಯಾಂಡ್‌ಮೇಡ್ ಬೈ ಮೈ ಫಾದರ್. ಇಟ್ ವಿಲ್ ಟರ್ನ್ ಯುವರ್ ರಿಸ್ಟ್ ಗ್ರೀನ್.' ನಮ್ಮಪ್ಪ ಕೈಯಾರೆ ಮಾಡಿದ್ದು, ತೊಟ್ಟರೆ ಮಣಿಕಟ್ಟು ಹಸಿರಾಗುತ್ತದೆ, ಅಂತ. ಬೀಚಿನಲ್ಲಿ ಒಬ್ಬ ಫಾರಿನ್ ಮುದುಕಿ ಅದನ್ನು ಓದಿ ಬಿದ್ದು ಬಿದ್ದು ನಕ್ಕು, ಎರಡು ಕಡಗ ಕೊಂಡಳು.

ಮೊಮ್ಮಕ್ಕಳೇ, ನಿಮಗೆ ಕಡಗ ಬರುವುದು ಮೊಬೈಲಿನಿಂದ. ಡಬ್ಬಿಯ ಮೇಲೆ 'ಹೀಲಿಂಗ್' ಎಂದು ಅಚ್ಚಾಗಿರುತ್ತದೆ. ಯಾರ ಬೆರಳು ಸುಟ್ಟಿತು ಎಂದು ಇರುವುದಿಲ್ಲ. ತೊಟ್ಟುಕೊಳ್ಳಿ, ಚಂದ ಕಾಣುತ್ತೀರಿ. ನೋವಾದರೆ ಮಾತ್ರ ಡಾಕ್ಟರ ಹತ್ತಿರ ನಡೆಯಿರಿ. ಈ ವಿಷಯದಲ್ಲಿ ಅಜ್ಜಿ ವೆರಿ ಸ್ಟಬರ್ನ್, ನೆನಪಿಡಿ.

ಹಾಗಂತ ಕಡಗವನ್ನು ಅಕ್ಕ ಬಿಡಲಿಲ್ಲ. ಮುದುಕಿಯಾದ ಮೇಲೆ ಅವಳ ಹೃದಯದ ಆಪರೇಷನ್ ದಿನ ಅದನ್ನು ತೆಗೆಯಲು ಹೇಳಿದ ನರ್ಸ್, ಇದರಿಂದೇನೂ ವಾಸಿಯಾಗುವುದಿಲ್ಲ ಅಜ್ಜಿ, ಎಂದು ನಕ್ಕಳು.

"ಅದನ್ನ ನೀ ಹುಟ್ಟೂಕಿಂತ ಮೊದಲ ಹೇಳೇನಿ ನಾ!" ಅಕ್ಕ ಗದರಿದಳು. "ಇದು ನಮ್ಮಪ್ಪ ಮಾಡಿದ್ದು, ಅದಕ್ಕ ಹಾಕ್ಕೊಂಡೇನಿ."

ಸೋಪು ಹಚ್ಚಿ ಎಳೆದು ತೆಗೆದು ನನ್ನ ಕೈಗಿಟ್ಟಳು. "ಹುಣಸಿ ಹಚ್ಚಿ ತಿಕ್ಕಿಡು. ಬಂದ ಮ್ಯಾಲ ಕೊಡು."

ಸ್ಟ್ರೆಚರ್ ಒಳಗೆ ಹೋಗುವಾಗ ಅವಳು ಕೈ ಎತ್ತಿದಳು. ಕಡಗವಿದ್ದ ಜಾಗದಲ್ಲಿ ಹಸಿರು ಗೆರೆಯೊಂದು ಮಣಿಕಟ್ಟನ್ನು ಸುತ್ತಿಕೊಂಡಿತ್ತು. ನಾನು ಅಕ್ಕನನ್ನು ಕೊನೆಯ ಸಲ ನೋಡಿದ್ದು ಆಗಲೇ.