ಅಡುಗೆಮನೆಯ ಮೂರನೇ ಮೂಟೆ

ನಿನ್ನೆ ಬೆಳಗ್ಗೆ ನಮ್ಮ ಹಾಸನದ ಮನೆಯ ನಡುಮನೆಯಲ್ಲಿ ಚಾಪೆ ಹಾಸಿಕೊಂಡು ಮೂವರು ಅವರೆಕಾಯಿ ಬಿಡಿಸುತ್ತಾ ಕೂತಿದ್ದೆವು. ನಾನು, ನನ್ನ ಹೆಂಡತಿ ಶಾರದೆ, ಮತ್ತು ಹಿಂದಿನ ದಿನವಷ್ಟೇ ದಂಡಿಗನಹಳ್ಳಿಯಿಂದ ಮೂಟೆಸಮೇತ ಬಂದಿಳಿದಿದ್ದ ಗೌರಮ್ಮನವರು. ಒಳ್ಳೆ ಸೊಗಡಿನ ಅವರೆ. ಬೆರಳಿಗೆ ಅಂಟಿದ ಆ ವಾಸನೆ ಯಾವ ಸೋಪಿಗೂ ಬಗ್ಗುವುದಿಲ್ಲ. ಮಾರನೇ ದಿನ ಕಾಫಿ ಲೋಟ ಎತ್ತಿದರೆ ಕಾಫಿಗಿಂತ ಮೊದಲು ಅದೇ ಮೂಗಿಗೆ ಹತ್ತುತ್ತದೆ. ಇನ್ನೊಂದು ಹಿಡಿ ತೆಗೆಯೋಣವೆಂದು ಮೂಟೆಯ ಬಾಯಿ ಮಡಿಚಿದೆ. ಗೋಣಿಯ ಮೇಲೆ ಮಾಸಿದ ನೀಲಿ ಅಕ್ಷರಗಳು ಕಂಡವು: 'ಅಡುಗೆಮನೆ ೩'. ಶಾರದೆಯ ಕೈಬರಹ.

"ಈ ಚೀಲ ಇನ್ನೂ ಇಟ್ಕೊಂಡಿದೀರಾ?" ಅಂದೆ.

"ಗಟ್ಟಿ ಚೀಲ ಕಣಪ್ಪ. ಇಲಿನೂ ಕಡೀನಿಲ್ಲ," ಅಂದರು ಗೌರಮ್ಮ.

ಇಲಿ ಕಡಿಯದ ಆ ಚೀಲ ಒಂದು ಕಾಲದಲ್ಲಿ ನಮ್ಮನ್ನು ಚೆನ್ನಾಗಿಯೇ ಕಡಿದಿತ್ತು. ಆ ಕತೆ ನಿಮಗೆ ಹೇಳಿಬಿಡುತ್ತೇನೆ. ಅವರೆಕಾಯಿ ಇನ್ನೂ ಅರ್ಧ ಮೂಟೆಯಿದೆ, ಅವಸರವೇನಿಲ್ಲ.

ಈ ಮನೆಗೆ ಬರುವ ಮುಂಚೆ ನಾವಿದ್ದದ್ದು ಗೊರೂರಿನ ಕ್ವಾರ್ಟರ್ಸಿನಲ್ಲಿ. ನಾನು ನೀರಾವರಿ ಇಲಾಖೆಯವನು. ಕಾಲುವೆಗೆ ನೀರು ಬಿಡೋದು ಯಾವಾಗ ಎಂದು ಕೇಳಿಕೊಂಡು ಬಂದವರಿಗೆಲ್ಲ 'ಮೇಲಿಂದ ಆರ್ಡರ್ ಬರ್ಲಿ' ಎಂದು ಹೇಳುತ್ತಲೇ ತಲೆ ನರೆಯಿತು. ಶಾರದೆ ಹೊಳೆನರಸೀಪುರದ ಸ್ವಂತ ಮನೆಯಲ್ಲಿ ಹುಟ್ಟಿ ಬೆಳೆದವಳು. ಕ್ವಾರ್ಟರ್ಸಿನ ಬಗ್ಗೆ ಅವಳದು ಒಂದೇ ದೂರು. "ಗೋಡೆಗೊಂದು ಮೊಳೆ ಹೊಡೀಬೇಕಾದ್ರೂ ಯಾರೇನಂತಾರೋ ಅಂತ ಯೋಚಿಸ್ಬೇಕು. ಇದೇನು ಮನೆ?" ನಾನು ನಿವೃತ್ತನಾಗುವ ವರ್ಷ ಇಬ್ಬರೂ ಮೊಳೆ ಹೊಡೆಯಬಹುದಾದ ಗೋಡೆ ಹುಡುಕಿಕೊಂಡು ಹೊರಟೆವು.

ಹಾಸನದಲ್ಲಿ ಸಿಕ್ಕಿತು. ಬಿತ್ತನೆ ಆಲೂಗೆಡ್ಡೆ ವ್ಯಾಪಾರದ ನಂಜುಂಡಪ್ಪನವರ ತಂದೆ ಕಟ್ಟಿಸಿದ ಮನೆ. ಕೆಂಪು ಗಾರೆಯ ನೆಲ, ಅಡುಗೆಮನೆಯ ನೆಲದಲ್ಲೇ ಹೂತ ಒರಳುಕಲ್ಲು, ಒಲೆಯ ಪಕ್ಕದ ಗೋಡೆಯಲ್ಲಿ ಮಸಿ ಹಿಡಿದ ಒಂದು ಗೂಡು. ನಂಜುಂಡಪ್ಪನವರು ಹೆಂಡತಿಯೊಂದಿಗೆ ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿದ್ದರು. ಅಪ್ಪನ ಮನೆಯನ್ನು ವರ್ಷಗಟ್ಟಲೆ ಬಾಡಿಗೆಗೆ ಕೊಟ್ಟು, ಈಗ ಖಾಲಿ ಮಾಡಿಸಿ ಬೀಗ ಹಾಕಿದ್ದರು. ಮಾತು ಮುಗಿಯಿತು, ಕರಾರೂ ಆಯಿತು. "ಇನ್ನೇನಿಲ್ಲ ಸಾರ್. ನಂದೊಂದ್ ಸೈನು, ದಂಡಿಗನಳ್ಳಿ ನಮ್ಮಕ್ಕಂದೊಂದ್ ಸೈನು. ಗಂಟುಮೂಟೆ ಕಟ್ಕಳಿ," ಅಂದರು.

ಶಾರದೆ ಕಟ್ಟಿಯೇಬಿಟ್ಟಳು. ಎರಡು ತಟ್ಟೆ, ಎರಡು ಲೋಟ, ಒಂದು ಪಾತ್ರೆ ಹೊರಗಿಟ್ಟು ಉಳಿದ ಸಂಸಾರವನ್ನೆಲ್ಲ ಗೋಣಿಚೀಲಗಳಿಗೆ ತುಂಬಿ, ಪ್ರತಿಯೊಂದರ ಮೇಲೂ ನೀಲಿ ಬಣ್ಣದಲ್ಲಿ ಹೆಸರು ಬರೆದಳು. ಅಷ್ಟರಲ್ಲಿ ನಮ್ಮ ಸಾಲಿನ ಮನೆಗಳವರು ಸೇರಿ ಬೀಳ್ಕೊಡುಗೆ ಏರ್ಪಾಡು ಮಾಡಿದರು. ಶಾಮಿಯಾನ, ಕೇಸರಿಬಾತು, ಹಾರ. "ಹೊಸ ಮನೇಲಿ ಇದ್ರಲ್ಲೇ ಹಾಲುಕ್ಕಿಸ್ಬೇಕು," ಎಂದು ಶಾರದೆಯ ಕೈಗೆ ಹೊಳೆಯುವ ಹಿತ್ತಾಳೆ ಪಾತ್ರೆಯೊಂದನ್ನು ಕೊಟ್ಟರು. ನಾನು ಕಣ್ಣೊರೆಸಿಕೊಂಡು, ಗೊರೂರನ್ನು ಎಂದೂ ಮರೆಯಲಾರೆ ಎಂದು ಭಾಷಣ ಮಾಡಿದೆ. ಮರೆಯುವ ಅವಕಾಶವನ್ನು ಗೊರೂರು ಬಹಳ ದಿನ ಕೊಡಲೂ ಇಲ್ಲ. ಆ ಪಾತ್ರೆಯನ್ನು ಶಾರದೆ ಹಳೆಯ ಸೀರೆಯಲ್ಲಿ ಸುತ್ತಿ ಅಡುಗೆಮನೆಯ ಮೂರನೇ ಮೂಟೆಗೆ ಇಳಿಸಿ, ದಬ್ಬಳದಲ್ಲಿ ಬಾಯಿ ಹೊಲಿದಳು. ಒಗ್ಗರಣೆ ಸೌಟು, ಸಾಸಿವೆ ಡಬ್ಬಿ, ಕಾಫಿ ಫಿಲ್ಟರು ಎಲ್ಲವೂ ಅದರೊಳಗೇ ಹೋದವು.

ಮಾರನೇ ದಿನ ನಂಜುಂಡಪ್ಪನವರ ಫೋನು. "ಸಾರ್, ಆಷಾಢ ಬಂದ್ಬುಡ್ತು. ಆಷಾಢದಾಗೆ ಮನೆ ಕೊಟ್ರೆ ನಂಗೂ ಒಳ್ಳೇದಲ್ಲ, ತಗಂಡ್ರೆ ನಿಮ್ಗೂ ಒಳ್ಳೇದಲ್ಲ. ಒಂದ್ ತಿಂಗ್ಳು ತಡೀರಿ."

ತಡೆದೆವು. ಶ್ರಾವಣ ಬಂತು, ಅಕ್ಕನ ಸರದಿ ಶುರುವಾಯಿತು. ಗೌರಮ್ಮನವರು ಬರುವುದಿಲ್ಲ ಎಂದು ಒಂದು ದಿನವೂ ಅಂದವರಲ್ಲ. ತಮ್ಮ ಫೋನು ಮಾಡಿದಾಗಲೆಲ್ಲ "ಬತ್ತೀನಿ ಕಣ್ಲಾ, ಬರ್ದೆ ಇರ್ತೀನಾ" ಎನ್ನುವರು. ಹೊರಡುವ ದಿನ ಬೆಳಗ್ಗೆ ಮಾತ್ರ ಏನಾದರೊಂದು. ಮೊದಲು ಹಸು ಈಯುವುದರಲ್ಲಿತ್ತು. "ಇವತ್ತೋ ನಾಳೆಯೋ ಅಂತದೆ, ಬುಟ್ಟು ಎಂಗ್ ಬರ್ಲಿ?" ಹಸು ಈದಿತು, ಆಲೂಗೆಡ್ಡೆ ಕೀಳುವುದು ಬಂತು. ಅದು ಮುಗಿಯಿತು, ಪಿತೃಪಕ್ಷ ಬಂತು. ಅದೂ ಮುಗಿದ ಮೇಲೆ ಮೊಣಕಾಲು ಹಿಡಿದುಕೊಂಡಿತು.

"ಪಾಲೇನಾರ ಬೇಕಾ ಅಂತ್ಲೂ ಕೇಳ್ದೆ ಸಾರ್," ಅಂದರು ನಂಜುಂಡಪ್ಪ. "'ಥೂ, ನಿನ್ ಪಾಲು ನೀನೇ ಇಟ್ಕಳ್ಲಾ' ಅಂದ್ಬುಟ್ಟು ಫೋನ್ ಮಡಗುದ್ಲು. ಬತ್ತೀನಿ ಅಂತಾಳೆ, ಬರಕಿಲ್ಲ. ಏನಂತ ತಿಳ್ಕಳಣ?"

ಗೊರೂರಿನಲ್ಲಿ ನಮ್ಮ ಪಾಡು ಕೇಳಬೇಡಿ. ಹಾರ ಹಾಕಿಸಿಕೊಂಡು ಬೀಳ್ಕೊಂಡ ಮನುಷ್ಯ ಮಾರನೇ ದಿನ ಅದೇ ಬೀದಿಯಲ್ಲಿ ಹಾಲು ತರಲು ಹೋಗುವುದು ಹೇಗೆ? ನಾನು ಹಿತ್ತಲ ದಾರಿ ಹಿಡಿದೆ. ಅಲ್ಲಿ ಹೊಳೆಮೀನು ಮಾರುವ ಜವರಾಯಿ ಸಿಕ್ಕೇ ಸಿಗುತ್ತಿದ್ದ.

"ಏನ್ ಸಾ, ಓಗ್ನಿಲ್ವಾ ಇನ್ನೂವೆ? ಆರ ಆಕಿಸ್ಕಂಡ್ರಲ್ಲ!"

"ಹಾರ ಬಾಡೋದ್ರೊಳಗೆ ಹೋಗ್ತೀನಿ ಕಣಯ್ಯ."

"ಬಾಡಿ, ಒಣಗಿ, ನಮ್ ಮ್ಯಾಕೆ ತಿಂದಾಯ್ತಲ್ಲ ಸಾ." ಆಮೇಲೆ ಬುಟ್ಟಿ ತಲೆಗೇರಿಸಿಕೊಳ್ಳುತ್ತಾ, "ಮೇಲಿಂದ ಆರ್ಡರ್ ಬಂದಿಲ್ವೇನೋ ಬುಡಿ," ಎನ್ನುವನು.

ಮನೆಯೊಳಗೆ ಶಾರದೆ ಮೂಟೆ ಬಿಚ್ಚಲು ಒಪ್ಪಳು. ಸಾರಿಗೆ ಒಗ್ಗರಣೆಯಿಲ್ಲ. ಬಂದವರಿಗೆ ಕಾಫಿ ಕೊಟ್ಟರೆ ಅವರು ಕುಡಿದು ಲೋಟ ಕೆಳಗಿಡುವ ತನಕ ನಾವು ಕಾಯಬೇಕು. "ಒಂದೇ ಒಂದು ಸೌಟು ತೆಗಿಯೇ," ಎಂದು ಬೇಡಿಕೊಂಡೆ.

"ಇವತ್ತು ಸೌಟು, ನಾಳೆ ಫಿಲ್ಟರು. ಹೀಗೇ ಒಂದೊಂದೇ ಬಿಚ್ತಾ ಹೋಗಿ ಇಲ್ಲೇ ಉಳ್ಕೊಂಡ್ಬಿಡ್ತೀವಿ," ಅಂದಳು. ದನಿ ನಗೆಯದಾಗಿರಲಿಲ್ಲ. ನಾನು ಮತ್ತೆ ಕೇಳಲಿಲ್ಲ.

ಉಳಿಯಲಂತೂ ಆಗುತ್ತಿರಲಿಲ್ಲ. ಕ್ವಾರ್ಟರ್ಸ್ ಬಿಡಲು ಕೊಟ್ಟಿದ್ದ ಅವಧಿ ದೀಪಾವಳಿಗೆ ಮುಗಿಯುತ್ತಿತ್ತು. ನನ್ನ ಜಾಗಕ್ಕೆ ಬಂದ ಹುಡುಗ ಹೆಂಡತಿ ಮಗುವಿನೊಂದಿಗೆ ಅರಕಲಗೂಡಿನ ಒಂದೇ ಕೋಣೆಯಲ್ಲಿ ಕಾಯುತ್ತಿದ್ದ. ಪ್ರತಿ ಸೋಮವಾರ ಫೋನು ಮಾಡಿ "ಸುಮ್ನೆ ಮಾಡ್ದೆ ಸಾರ್, ಆರೋಗ್ಯ ಹೇಗಿದೆ?" ಎಂದು ಕೇಳುವನು. ನನ್ನ ಆರೋಗ್ಯವನ್ನು ಅಷ್ಟೊಂದು ಸಲ ಯಾರಾದರೂ ವಿಚಾರಿಸಿದ ಕಾಲ ಇನ್ನೊಂದಿಲ್ಲ.

ನನ್ನ ಸಮಾಧಾನದ ದಾರಿ ಬೇರೆಯಿತ್ತು. ಭಾನುವಾರ ಹಾಸನದ ಬಸ್ಸು ಹತ್ತಿ, ಬೀಗ ಹಾಕಿದ ಈ ಮನೆಯ ಗೇಟಿನ ಮುಂದೆ ನಿಂತು, ಕುರ್ಚಿ ಎಲ್ಲಿ ಹಾಕಬೇಕೆಂದು ಮನಸ್ಸಿನಲ್ಲೇ ಗೊತ್ತುಮಾಡಿ ಹಿಂದಿರುಗುತ್ತಿದ್ದೆ. ಪಕ್ಕದ ಮನೆಯಾಕೆ ಕಾಂಪೌಂಡಿನ ಮೇಲಿಂದ ಇಣುಕಿ, "ಯಾರ್ ಬೇಕಿತ್ತು?" ಅಂದರು.

"ಈ ಮನೆ ತಗೊಳ್ಳೋರಮ್ಮ ನಾವು."

"ಓದ್ ವಾರನೂ ಅಂಗೇ ಅಂದ್ರಿ!"

ಮೊಣಕಾಲಿನ ಸುದ್ದಿ ಬಂದ ದಿನ ಶಾರದೆ, "ಆ ಗೌರಮ್ಮನ್ನ ನಾನೊಂದ್ಸಲ ಕಣ್ಣಲ್ಲಿ ನೋಡ್ಬೇಕು," ಅಂದಳು. ಚನ್ನರಾಯಪಟ್ಟಣದ ಕಡೆಗೆ ಬಸ್ಸು ಬದಲಾಯಿಸಿಕೊಂಡು ದಂಡಿಗನಹಳ್ಳಿಗೆ ಹೋದೆವು. ನನ್ನ ಕಂಕುಳಲ್ಲಿ ಕಾಗದಪತ್ರದ ಕವರು, ಅವಳ ಕೈಯಲ್ಲಿ ಬಾಳೆಹಣ್ಣು, ಹೂವು. ಗೌರಮ್ಮನವರು ಕೊಟ್ಟಿಗೆಯಿಂದ ಸರಸರನೆ ನಡೆದು ಬಂದರು. ಪುಟ್ಟ ಆಳು, ದೊಡ್ಡ ಗಂಟಲು. "ಮೊಣಕಾಲು ವಾಸಿಯಾಯ್ತಾ?" ಎಂದು ಕೇಳಲು ಹೋದೆ; ಶಾರದೆ ಚಿವುಟಿದಳು.

ಊಟಕ್ಕೆ ಕೂರಿಸಿದರು. ಕಾಗದದ ಮಾತೇ ಇಲ್ಲ. ಮುದ್ದೆ ಬಡಿಸುತ್ತಾ, ಎತ್ತಲೋ ನೋಡಿಕೊಂಡು ಶಾರದೆಯನ್ನು ಕೇಳಿದರು. "ಒಳ್ಳುಕಲ್ಲು ಕಿತ್ತಾಕವ್ರಾ?"

"ಇಲ್ಲಮ್ಮ, ಅಲ್ಲೇ ಇದೆ."

"ಒಲೆ ಪಕ್ದಾಗೊಂದು ಗೂಡಿತ್ತು."

"ಇದೆ. ಮಸಿ ಹಿಡಿದಿದೆ."

ಗೌರಮ್ಮ ನಕ್ಕರು. "ಅದ್ರಾಗೆ ಬೆಲ್ಲ ಬಚ್ಚಿಡ್ತಿದ್ದೆ ಕಣವ್ವ. ನಂಜುಂಡ ಆಗ ಗಿಡ್ಡ, ಕೈ ಎಟುಕ್ತಿರ್ನಿಲ್ಲ. ಅಕ್ಕಾ, ಒಂದ್ ಚೂರು, ಒಂದ್ ಚೂರು ಅಂತ ಲಂಗ ಇಡ್ಕಂಡು ಸುತ್ತೋನು." ಸಾರಿನ ಸೌಟು ಪಾತ್ರೆಯಲ್ಲೇ ನಿಂತಿತು. "ಅವ್ವ ಓದ್ಮೇಲೆ ಆ ಒಸ್ಲು ತುಳ್ದಿಲ್ಲ. ಬಾಡಿಗೆಯೋರ್ ಅವ್ರೆ, ಏನಂತ ಓಗ್ಲಿ? ಈಗ ದಿನಾ ಫೋನ್ ಮಾಡ್ತಾನೆ. ಬಸ್ ಇಳಿ, ಆಪೀಸಿಗೆ ಬಾ, ಸೈನ್ ಆಕು, ಬಸ್ ಅತ್ತು ಅಂತಾನೆ. ಮನೆ ಮಾರಕ್ಕೆ ಕರ್ದ ಕಣವ್ವ. ಮನೆಗೆ ಕರೀನಿಲ್ಲ."

ಹೊರಡುವಾಗ ಶಾರದೆಗೆ ಕುಂಕುಮ ಕೊಟ್ಟು, "ನಿಮ್ ಮ್ಯಾಲೆ ನಂಗ್ಯಾವ ಸಿಟ್ಟೂ ಇಲ್ಲ," ಅಂದರು. ನನ್ನ ಕವರು ಕಂಕುಳಲ್ಲೇ ಬೆವೆತು ಹಿಂದಿರುಗಿತು.

ಹಾಸನದಲ್ಲಿ ಇಳಿದವರು ನೇರ ಅಂಗಡಿಗೆ ಹೋದೆವು. ಶಾರದೆ ವಿಷಯ ಹೇಳಿದಳು. ನಂಜುಂಡಪ್ಪನವರಿಗೆ ರೇಗಿತು. "ನಾನೇನ್ ಬ್ಯಾಡ ಅಂದ್ನಾ ಅಮ್ಮಾರೆ? ಎಲ್ಲಿಗಂತ ಕರೀಲಿ? ಆ ಮನೇಲಿ ಒಂದ್ ಒಲೆ ಇಲ್ಲ, ಕುಂತ್ಕಳಕೊಂದ್ ಚಾಪೆ ಇಲ್ಲ. ಬೀಗ ತೆಗ್ದು ಖಾಲಿ ಗ್ವಾಡೆ ತೋರ್ಸಲಾ ನಮ್ಮಕ್ಕಂಗೆ?" ಅಂದವರು, ಮುಖ ತಿರುಗಿಸಿ ಆಲೂಗೆಡ್ಡೆ ಆರಿಸುವುದಕ್ಕೆ ಶುರುಮಾಡಿದರು. ಆಯ್ದ ಗೆಡ್ಡೆಗಳನ್ನೇ ಮತ್ತೆ ಆಯುತ್ತಿದ್ದರು.

"ಒಲೆ ನಾನು ತರ್ತೀನಿ," ಅಂದಳು ಶಾರದೆ. "ನೀವು ಅಕ್ಕನ್ನ ಕರ್ಕೊಂಡು ಬನ್ನಿ. ಫೋನ್ ಮಾಡ್ಬೇಡಿ. ಹೋಗಿ."

ಗೊರೂರಿಗೆ ಬಂದು ಅವಳು ಮೂರನೇ ಮೂಟೆಯ ಹೊಲಿಗೆ ಕತ್ತರಿಸಿದಳು. ಹಿತ್ತಾಳೆ ಪಾತ್ರೆ ಹೊರಗೆ ಬಂತು.

"ಅದು ನಾವು ಹಾಲುಕ್ಕಿಸೋಕೆ ಇಟ್ಟಿದ್ದಲ್ವೇನೇ?"

"ಸೈನ್ ಹಾಕೋ ತನಕ ಅದು ಗೌರಮ್ಮನ ಮನೆ. ಅವರ ಮನೇಲಿ ಅವರಿಗೆ ಒಂದ್ಸಲ ಹಾಲುಕ್ಕಲಿ."

"ಮನೆ ನೋಡಿ, ಮನಸ್ಸು ಬಂದು, ಸೈನೇ ಹಾಕಲ್ಲ ಅಂದ್ಬಿಟ್ರೆ?"

ಅವಳು ಹಳೆಯ ಸೀರೆಯನ್ನು ಮಡಿಚುತ್ತಿದ್ದಳು. ಮಡಿಚಿದ್ದನ್ನು ಬಿಚ್ಚಿ ಇನ್ನೊಮ್ಮೆ ಮಡಿಚಿದಳು. "ಬೇರೆ ಗೋಡೆ ಹುಡುಕೋಣ," ಅಂದಳು.

ಗೊತ್ತುಮಾಡಿದ ದಿನ ಬೆಳಗ್ಗೆ ಒಲೆ, ಸಿಲಿಂಡರು ಎಲ್ಲ ಪರಿಚಯದ ಆಟೋದಲ್ಲಿ ಹೊರಟವು. ಜಾಗ ಸಾಲದೆ ಮೂರನೇ ಮೂಟೆಯೊಂದಿಗೆ ನಾನು ಬಸ್ಸು ಹತ್ತಿದೆ. "ಏನ್ ಸಾ, ಒಂದೇ ಮೂಟೇಲಿ ಮನೆ ಬದ್ಲಾಯಿಸ್ತಾ ಇದೀರಾ?" ಅಂದ ಕಂಡಕ್ಟರು, ಮೂಟೆಗೂ ಟಿಕೆಟ್ ಹರಿಯುತ್ತಾ.

ನಂಜುಂಡಪ್ಪನವರು ಅಕ್ಕನನ್ನು ಕಾರಿನಲ್ಲಿ ಕರೆತಂದರು. ಗೌರಮ್ಮ ಹೊಸ್ತಿಲಾಚೆ ಒಂದು ಗಳಿಗೆ ನಿಂತು, ಒಳಗೆ ಬಂದು ಕೋಣೆ ಕೋಣೆ ಸುತ್ತಿದರು. ಹಾಲು ಉಕ್ಕಿತು. ಶಾವಿಗೆ ಪಾಯಸವಾಯಿತು. ಊಟವಾದ ಮೇಲೆ ನಂಜುಂಡಪ್ಪನವರ ಹೆಂಡತಿ ಗಂಡನ ಅಕ್ಕನನ್ನು ಮಣೆಯ ಮೇಲೆ ಕೂರಿಸಿ ಮಡಿಲು ತುಂಬಿದರು: ಅಕ್ಕಿ, ಕಾಯಿ, ಬೆಲ್ಲ, ರವಿಕೆ ಬಟ್ಟೆ. ಗೌರಮ್ಮ ಮಡಿಲಿನಿಂದ ಒಂದು ಚೂರು ಬೆಲ್ಲ ತೆಗೆದು ಆ ಮಸಿಯ ಗೂಡಿನಲ್ಲಿಟ್ಟರು.

"ಈಗ ಎಟುಕ್ತದೇನ್ಲಾ? ತಕ."

ಆರಡಿಯ ನಂಜುಂಡಪ್ಪನವರು ಬೆಲ್ಲ ಬಾಯಿಗೆ ಹಾಕಿಕೊಂಡು ಗೋಡೆಯ ಕಡೆ ತಿರುಗಿ ಕಣ್ಣೊರೆಸಿಕೊಂಡರು. "ಹೊಗೆ," ಅಂದರು. ಉರಿಯುತ್ತಿದ್ದದ್ದು ಗ್ಯಾಸ್ ಒಲೆ.

ಆಮೇಲೆ ಎಲ್ಲರೂ ರಿಜಿಸ್ಟ್ರೇಷನ್ನಿಗೆ ಹೊರಟೆವು. ದಾರಿಯಲ್ಲಿ ಹಿಂಗಾರಿನ ಗುಡುಗು ಶುರುವಾಯಿತು. ನಾವು ತಲುಪುವ ಹೊತ್ತಿಗೆ ಎಲ್ಲೋ ಸಿಡಿಲು ಬಡಿದು ಲೈನು ಹೋಗಿ, ಕಂಪ್ಯೂಟರುಗಳೆಲ್ಲ ಕಣ್ಣು ಮುಚ್ಚಿದ್ದವು. ನಾಳೆ ಬನ್ನಿ ಅಂದರು. ನಾವು ನಾಲ್ವರೂ ಗೌರಮ್ಮನ ಮುಖ ನೋಡಿದೆವು. ಶಾರದೆ ನನ್ನ ತೋಳು ಹಿಡಿದುಕೊಂಡಿದ್ದಳು.

"ನಾಳೆ ಅಂತೆ ಅಕ್ಕ," ಅಂದರು ನಂಜುಂಡಪ್ಪ, ಮೆಲ್ಲಗೆ.

ಗೌರಮ್ಮನ ಮುಖ ಅರಳಿತು. "ಒಳ್ಳೇದೇ ಆಯ್ತು ಬುಡ್ಲಾ! ಇವತ್ತು ನಮ್ಮನೇಲೇ ಮನಿಕತೀನಿ. ಓಗು, ಚಾಪೆ ದಿಂಬು ತಗಂಬಾ."

ಆ ವರ್ಷದ ಅಷ್ಟೂ ಅಡಚಣೆಗಳಲ್ಲಿ ನಮ್ಮಲ್ಲಿ ಯಾರೂ ಶಪಿಸದೆ ಹೋದದ್ದು ಅದೊಂದೇ. ಮಾರನೇ ದಿನ ಬೆಳಗ್ಗೆ ಗೌರಮ್ಮ ದೊಡ್ಡ ದೊಡ್ಡ ಅಕ್ಷರಗಳಲ್ಲಿ ಸೈನು ಹಾಕಿ, "ಇನ್ನೆಲ್ಲಾರ ಆಕ್ಬೇಕಾ?" ಎಂದು ಕೇಳಿದರು. ಉಳಿದ ಹಣ್ಣು ಕಾಯಿಯನ್ನು ಮೂರನೇ ಮೂಟೆಯ ಖಾಲಿ ಚೀಲಕ್ಕೇ ತುಂಬಿ ಕೊಟ್ಟು ಅವರನ್ನು ಊರಿನ ಬಸ್ಸಿಗೆ ಹತ್ತಿಸಿದೆವು. ದೀಪಾವಳಿಗೆ ಮೊದಲೇ ಅದೇ ಪಾತ್ರೆಯಲ್ಲಿ ನಮ್ಮ ಹಾಲೂ ಉಕ್ಕಿತು. ಅರಕಲಗೂಡಿನ ಹುಡುಗ ನನ್ನ ಆರೋಗ್ಯ ವಿಚಾರಿಸುವುದನ್ನು ನಿಲ್ಲಿಸಿದ. ಶಾರದೆ ಹೊಡೆದ ಮೊದಲ ಮೊಳೆಗೆ ಅಂಗೈಯಗಲ ಗಾರೆ ಉದುರಿತು. ಅದನ್ನೇ ಅವಳು ಬಂದವರಿಗೆಲ್ಲ ತೋರಿಸುತ್ತಿದ್ದಳು.

ಅಂದಿನಿಂದ ಪ್ರತಿ ಅವರೆಕಾಲಕ್ಕೂ ಗೌರಮ್ಮ ಬರುತ್ತಾರೆ. ನಂಜುಂಡಪ್ಪನವರು ಮಾತ್ರ ಈ ಮನೆಯ ಕಡೆ ತಲೆ ಹಾಕಿರಲಿಲ್ಲ. ಮಾರಿದವರಿಗೆ ಏನೋ ಸಂಕೋಚ. ನಿನ್ನೆ ನಾವು ಕಾಯಿ ಬಿಡಿಸುತ್ತಿದ್ದಾಗ ಗೇಟು ಸದ್ದಾಯಿತು. ಅಕ್ಕನನ್ನು ನೋಡಿಕೊಂಡು ಹೋಗಲು ಬಂದಿದ್ದರು. ಅಂಗಳದಲ್ಲೇ ನಿಂತು, ಬಾಗಿಲಾಚೆಯಿಂದ ನನ್ನನ್ನು ನೋಡಿ, "ಬರ್ಬೋದಾ ಸಾರ್?" ಅಂದರು.

ನಾನು ಬಾಯಿ ತೆರೆಯುವುದರೊಳಗೆ ಗೌರಮ್ಮ ತಲೆಯೆತ್ತಿದರು.

"ಅವ್ರುನ್ಯಾಕ್ಲಾ ಕೇಳ್ತೀಯ? ನಾ ಕರೀತಿಲ್ವಾ? ಕಾಲ್ ತೊಳ್ಕಂಡು ಒಳೀಕ್ ಬಾ."

ನಂಜುಂಡಪ್ಪ ಚಪ್ಪಲಿ ಬಿಟ್ಟು, ಕಾಲು ತೊಳೆದು ಒಳಗೆ ಬಂದರು. ನಾನು ಸ್ವಲ್ಪ ಸರಿದು ಚಾಪೆಯ ಮೇಲೆ ಜಾಗ ಮಾಡಿಕೊಟ್ಟೆ. ಶಾರದೆ ಎದ್ದು ಒಗ್ಗರಣೆಗೆ ಇಟ್ಟಳು.