ಒರೆಸಿದ ಮೇಣದ ಸುತ್ತು

ಬೆಳಿಗ್ಗೆ ಹನ್ನೊಂದು ಇಪ್ಪತ್ತಕ್ಕೆ ನಾನು ಆಕೆಗೆ, "ಏನೂ ಇಲ್ರೀ, ಮನಿಗೆ ಹೋಗ್ರಿ" ಅಂದೆ. ಟಿಳಕವಾಡಿಯ ಆ ಎಕ್ಸ್‌ರೇ ಕೇಂದ್ರದ ಗೋಡೆ ಗಡಿಯಾರ ಈಗಲೂ ಕಣ್ಣೆದುರಿಗಿದೆ.

ಆಗ ನಾನು ಇಂಜಿನಿಯರಿಂಗಿನ ಕೊನೆಯ ವರ್ಷದಲ್ಲಿದ್ದೆ. ಎದೆಯ ಎಕ್ಸ್‌ರೇಯಲ್ಲಿ ಕ್ಷಯವನ್ನು ಗುರುತಿಸಲು ಕಂಪ್ಯೂಟರಿಗೆ ಕಲಿಸುವುದು ನನ್ನ ಪ್ರಾಜೆಕ್ಟು. ಕೇಂದ್ರದ ಡಾಕ್ಟರು ಕೊಟ್ಟ ಹಳೆಯ ಫಿಲ್ಮುಗಳನ್ನು, ರೋಗವಿದ್ದವು ಇಲ್ಲದವು ಎಂದು ಬೇರ್ಪಡಿಸಿ, ತಿಂಗಳುಗಟ್ಟಲೆ ಸ್ಕ್ಯಾನ್ ಮಾಡಿ ಅದಕ್ಕೆ ತೋರಿಸಿದ್ದೆ. ಕಡೆಗೆ ಅದು ಒಂದೂ ತಪ್ಪದೆ ಹೇಳತೊಡಗಿತು. ಫಿಲ್ಮು ತೊಳೆಯುವ ಟೆಕ್ನಿಷಿಯನ್, "ಇನ್ನ ಡಾಕ್ಟರ್ ಸಾಹೇಬ್ರನ್ನ ಮನಿಗೆ ಕಳಸೂಣು ಬಿಡ್ರಿ" ಎಂದು ನಗುತ್ತಿದ್ದ.

ಆಕೆ ಖಾನಾಪುರದ ಹಂಚಿನ ಭಟ್ಟಿಯಲ್ಲಿ ಕೆಲಸ ಮಾಡುವವಳು. ತಿಂಗಳಿಂದ ಕೆಮ್ಮು, ಸೊಂಟದ ಮೇಲೆ ಎಳೆಗೂಸು. ಡಾಕ್ಟರು ಬರುವುದು ಮರುದಿನವಿತ್ತು, ಆಕೆಗೆ ಬಸ್ಸಿನ ಹೊತ್ತಾಗಿತ್ತು. ಆಗಷ್ಟೇ ಒಣಗಿದ ಅವಳ ಫಿಲ್ಮನ್ನು ಸ್ಕ್ಯಾನರಿನ ಮೇಲಿಟ್ಟೆ. ರೋಗವಿಲ್ಲ ಎಂದಿತು ಪರದೆ. ನಾನೂ ಅದನ್ನೇ ಹೇಳಿದೆ.

ಬಾಗಿಲಲ್ಲಿ ನಿಂತು ಕೇಳಿದಳು: "ಕೂಸಿನ್ನ ಬಾಜೂಕ ಮಲಗಿಸ್ಕೊಂಡ್ರ ನಡೀತೈತಲ್ರೀ?"

ಹೂಂ ಅಂದೆ.

ಮರುದಿನ ಡಾಕ್ಟರು ಆ ಫಿಲ್ಮನ್ನು ಬೆಳಕಿಗೆ ಹಿಡಿದರು. ಜೇಬಿನಿಂದ ಹಳದಿ ಮೇಣದ ಪೆನ್ಸಿಲು ತೆಗೆದು ಮೇಲ್ಭಾಗದಲ್ಲಿ ಒಂದು ಸುತ್ತು ಹಾಕಿದರು. ರೋಗ ಕಂಡಲ್ಲೆಲ್ಲ ಹಾಗೆ ಸುತ್ತು ಹಾಕುವುದು ಅವರ ರೂಢಿ. ನನಗೆ ಕೊಡುವ ಮೊದಲು ಹಳೆಯ ಫಿಲ್ಮುಗಳ ಸುತ್ತುಗಳನ್ನೆಲ್ಲ ಟೆಕ್ನಿಷಿಯನ್ ಸ್ಪಿರಿಟ್ಟಿನಿಂದ ಒರೆಸಿದ್ದ. ಈ ಸುತ್ತನ್ನೂ ಒರೆಸಿ, ಫಿಲ್ಮನ್ನು ಮತ್ತೆ ಸ್ಕ್ಯಾನರಿಗೆ ಹಾಕಿದೆ.

ರೋಗವಿದೆ ಎಂದಿತು.

ಕಂಪ್ಯೂಟರು ಶ್ವಾಸಕೋಶವನ್ನು ನೋಡಿಯೇ ಇರಲಿಲ್ಲ. ಒರೆಸಿದ ಮೇಲೂ ನಮ್ಮ ಕಣ್ಣಿಗೆ ಕಾಣದೆ ಉಳಿದ ಮೇಣದ ಗುರುತನ್ನು ಹಿಡಿಯಲು ಕಲಿತಿತ್ತು.

ರಿಜಿಸ್ಟರಿನಲ್ಲಿ ಆಕೆಯ ವಿಳಾಸವೆಂದು ಊರು ಮತ್ತು ಭಟ್ಟಿ ಎಂಬುದಷ್ಟೇ ಇತ್ತು. ಸಂಜೆಯೊಳಗೆ ಖಾನಾಪುರದ ಮೂರು ಭಟ್ಟಿ ಸುತ್ತಿದೆ. ಮೂರನೆಯದರಲ್ಲಿ, ಹಸಿ ಹಂಚುಗಳ ಸಾಲಿನ ಹಿಂದೆ, ಆಕೆ ಹಾಲೂಡಿಸುತ್ತ ಕೂತಿದ್ದಳು. ಹೇಳಿದೆ. ಕೇಳಿಸಿಕೊಂಡು, ಮೆಲ್ಲಗೆ ಕೂಸಿನಿಂದ ಮುಖ ಆಚೆ ತಿರುಗಿಸಿದಳು.

"ನಿನ್ನಿ ಇಡೀ ರಾತ್ರಿ ಎದಿಗೆ ಅವಚಿಕೊಂಡ ಮಲಗೇನ್ರಿ," ಅಂದಳು.

ಕಫ ಪರೀಕ್ಷೆಯಲ್ಲೂ ಕ್ಷಯ ಖಚಿತವಾಯಿತು. ಆಕೆಗೆ ಚಿಕಿತ್ಸೆ, ಕೂಸಿಗೆ ಮುಂಜಾಗ್ರತೆಯ ಔಷಧಿ ಶುರುವಾದವು. ನಾನು ಪ್ರಾಜೆಕ್ಟು ಬದಲಾಯಿಸಿದೆ. ಆದರೆ ಕಣ್ಣು ಮುಚ್ಚಿದರೆ ಆಕೆ ಬಾಗಿಲಲ್ಲಿ ನಿಂತು ಅದೇ ಪ್ರಶ್ನೆ ಕೇಳುತ್ತಿದ್ದಳು, ನಾನು ಪ್ರತಿ ಸಲವೂ ಹೂಂ ಅನ್ನುತ್ತಿದ್ದೆ.

ಗುಳಿಗೆಗಳು ಮುಗಿದ ಮೇಲೆ ಆಕೆ ಕೂಸನ್ನು ಕರೆತಂದಳು. ಅದು ಆಗಲೇ ಗೋಡೆ ಹಿಡಿದು ನಿಲ್ಲುತ್ತಿತ್ತು. ಡಾಕ್ಟರು ಅದರ ಅಂಗೈಯಗಲದ ಎದೆಯ ಫಿಲ್ಮನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಪೆನ್ಸಿಲು ಜೇಬಿನಲ್ಲೇ ಉಳಿಯಿತು.

ಆ ರಾತ್ರಿ ನಾನು ಬೆಳಗಿನವರೆಗೂ ನಿದ್ದೆ ಮಾಡಿದೆ.